ಸುಂಕದ ದ್ವೀಪ: ಗ್ಯಾರೇಜಿನಲ್ಲಿ ಒಂದು ಕಾಲುವೆ, ಒಂದು ದೋಣಿ, ಒಣ ಇಂಚಿನ ಲೆಕ್ಕ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ವುಲ್ವರ್‌ಹ್ಯಾಂಪ್ಟನ್ ಕಡೆಗೆ ಹೋಗುವ ಕಾಲುವೆಯ ದಂಡೆಯಲ್ಲಿ ನಡೆದರೆ ಅಲ್ಲಲ್ಲಿ ನೀರಿನ ನಟ್ಟನಡುವೆ ಇಟ್ಟಿಗೆಯ ಅಂಚು ಕಟ್ಟಿದ ಉದ್ದನೆಯ ದಿಬ್ಬಗಳು ಸಿಗುತ್ತವೆ. ಎರಡೂ ತುದಿ ಚೂಪು. ಮೇಲೆ ಹುಲ್ಲು ಬೆಳೆದಿರುತ್ತದೆ, ಹೆಬ್ಬಾತುಗಳು ಮಲಗಿರುತ್ತವೆ. ದಿಬ್ಬದ ಆಚೆ ಈಚೆ ಒಂದೊಂದೇ ದೋಣಿ ನುಸುಳುವಷ್ಟು ಇಕ್ಕಟ್ಟಾದ ನೀರಿನ ಓಣಿ. ಗೊತ್ತಿಲ್ಲದವರು ಇದನ್ನು ಯಾವುದೋ ಹಳೆಯ ಸೇತುವೆಯ ಕಂಬದ ಬುಡ ಅಂದುಕೊಂಡು ಮುಂದೆ ಹೋಗುತ್ತಾರೆ. ಇವು ಸುಂಕದ ದ್ವೀಪಗಳು. ಮೇಲೆ ಒಂದು ಕಾಲದಲ್ಲಿ ಎಂಟು ಮೂಲೆಯ ಪುಟ್ಟ ಮನೆ ಇರುತ್ತಿತ್ತು, ಒಳಗೆ ಗುಮಾಸ್ತ ಇರುತ್ತಿದ್ದ. ಕಾಲುವೆಯಲ್ಲಿ ಸರಕಿನ ಓಡಾಟ ನಿಂತ ಮೇಲೆ ಹೆಚ್ಚಿನ ಮನೆಗಳನ್ನು ಕೆಡವಿದರು. ವಿನ್ಸನ್ ಗ್ರೀನ್‌ನಲ್ಲಿ, ನೆದರ್ಟನ್ ಸುರಂಗಕ್ಕೆ ಹೋಗುವ ಕವಲಿನಲ್ಲಿ ದ್ವೀಪಗಳು ಬೋಳಾಗಿ ಉಳಿದಿವೆ.

ಇಂಥದ್ದೊಂದನ್ನು 1:16 ಅಳತೆಯಲ್ಲಿ, ನಿಜವಾದ ನೀರು ತುಂಬಿಸಿ, ನಿಜವಾಗಿ ತೂಕ ಹಾಕಬಲ್ಲಂತೆ ಮಾಡಿದ ಕೆಲಸದ ದಾಖಲೆ ಇದು. ನೋಡಲು ಚಂದದ ಮಾದರಿಗಳು ಬೇಕಾದಷ್ಟಿವೆ. ನನಗೆ ಬೇಕಾಗಿದ್ದು ಬೇರೆ. ಸುಂಕದ ಮನೆಯನ್ನು ಕಟ್ಟಡ ಅಂತ ನೋಡಿದರೆ ಅದರ ಅರ್ಧ ಮಾತ್ರ ತಿಳಿಯುತ್ತದೆ. ಇಕ್ಕಟ್ಟಾದ ಓಣಿ, ಚೂಪು ತುದಿ, ಎಂಟು ಕಿಟಕಿ, ಗುಮಾಸ್ತನ ಕೈಯಲ್ಲಿನ ಕೋಲು, ಕಪಾಟಿನಲ್ಲಿನ ಕೋಷ್ಟಕಗಳ ಪುಸ್ತಕ, ಇವೆಲ್ಲ ಸೇರಿದರೆ ಒಂದೇ ಒಂದು ಅಳತೆಯ ಉಪಕರಣ ಆಗುತ್ತದೆ. ದೋಣಿಯನ್ನು ನೀರಿನಿಂದ ಎತ್ತದೆ ಅದರಲ್ಲಿರುವ ಕಲ್ಲಿದ್ದಲು ಎಷ್ಟು ಟನ್ ಅಂತ ಹೇಳುವ ಉಪಕರಣ. ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು ಅನ್ನುವುದೇ ಇಷ್ಟೆಲ್ಲಕ್ಕೂ ಕಾರಣ.

ಕೆಲಸಕ್ಕೆ ಮೊದಲು ಹಿನ್ನೆಲೆ, ಬೇಕಾದಷ್ಟು ಮಾತ್ರ. ಬರ್ಮಿಂಗ್‌ಹ್ಯಾಮ್ ಕಾಲುವೆಗೆ ಸಂಸತ್ತಿನ ಅನುಮತಿ ಸಿಕ್ಕಿದ್ದು 1768ರಲ್ಲಿ, ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಮರುವರ್ಷವೇ ವೆಡ್ನ್ಸ್‌ಬರಿಯ ಗಣಿಗಳಿಂದ ಕಲ್ಲಿದ್ದಲು ಊರಿಗೆ ಬರತೊಡಗಿತು. 1820ರ ದಶಕದಲ್ಲಿ ಥಾಮಸ್ ಟೆಲ್ಫರ್ಡ್ ಹಳೆಯ ಅಂಕುಡೊಂಕು ದಾರಿಯ ಪಕ್ಕದಲ್ಲೇ ನೇರವಾದ ಹೊಸ ಮುಖ್ಯ ಕಾಲುವೆ ಕಡಿಸಿದ. 40 ಅಡಿ ಅಗಲ, ಎರಡೂ ದಂಡೆಯಲ್ಲಿ ದೋಣಿ ಎಳೆಯುವ ಕುದುರೆ ನಡೆಯುವ ದಾರಿ, ಒಟ್ಟು ದೂರದಲ್ಲಿ ಸುಮಾರು 7 ಮೈಲಿ ಉಳಿತಾಯ. ಏಳಿಗೆಯ ದಿನಗಳಲ್ಲಿ ಈ ಜಾಲ 160 ಮೈಲಿ ಇತ್ತು, 19ನೇ ಶತಮಾನದ ಕೊನೆಗೆ ವರ್ಷಕ್ಕೆ 80 ಲಕ್ಷ ಟನ್‌ಗೂ ಮೀರಿ ಸರಕು ಸಾಗುತ್ತಿತ್ತು. ದೋಣಿಗಳಲ್ಲಿ ಹೆಚ್ಚಿನವು ಗಣಿ, ಕಾರ್ಖಾನೆ, ಸಾಗಣೆದಾರರ ಸ್ವಂತದವು. ಕಾಲುವೆ ಕಂಪನಿಯ ಸಂಪಾದನೆ ಮುಖ್ಯವಾಗಿ ಸುಂಕ, ಅಂದರೆ ಟನ್ನಿಗೆ ಮೈಲಿಗೆ ಇಷ್ಟು ಅಂತ. ದೂರ ಎಲ್ಲರಿಗೂ ಗೊತ್ತಿರುವ ಸಂಗತಿ. ಜಗಳವಿದ್ದದ್ದು ಟನ್ನಿನಲ್ಲಿ.

ಕಂಪನಿಗಳು ಎಷ್ಟು ಬಿಗಿಯಾಗಿದ್ದವು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 1791ರಲ್ಲಿ ಅನುಮತಿ ಪಡೆದ ವೂಸ್ಟರ್ ಮತ್ತು ಬರ್ಮಿಂಗ್‌ಹ್ಯಾಮ್ ಕಾಲುವೆ ಊರಿನ ನಡುವೆ ಹಳೆಯ ಕಾಲುವೆಯನ್ನು ಮುಟ್ಟುವಲ್ಲಿ ಹಳೆಯ ಕಂಪನಿ 7 ಅಡಿ 3 ಇಂಚು ದಪ್ಪದ ತಡೆಗೋಡೆ ಹಾಕಿಸಿತು. ನೀರು ಆಚೆ ಹರಿದುಹೋಗಬಾರದು, ಸುಂಕವೂ ಕೈತಪ್ಪಬಾರದು. ಆಚೆ ದೋಣಿಯ ಸರಕನ್ನು ಗೋಡೆಯ ಮೇಲಿಂದ ಈಚೆ ದೋಣಿಗೆ ಎತ್ತಿ ಹಾಕಬೇಕಿತ್ತು. 1815ರಲ್ಲಿ ಹೊಸ ಕಾಯ್ದೆಯಾಗಿ ಗೋಡೆಯಲ್ಲಿ ಲಾಕ್, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲುಗಳ ಕಟ್ಟೆ, ಕೂಡಿಸುವ ತನಕ ಇದೇ ನಡೆಯಿತು. ಗ್ಯಾಸ್ ಸ್ಟ್ರೀಟ್ ಬೇಸಿನ್‌ನಲ್ಲಿ ಆ ಗೋಡೆ ಇವತ್ತೂ ಇದೆ, ಅದರ ಮೇಲೆ ನಡೆಯಬಹುದು. ಇಂಥ ಕಂಪನಿಯ ಗುಮಾಸ್ತನ ಮುಂದೆ ಲೋಡು ಕಡಿಮೆಯಿದೆ ಅಂತ ದೋಣಿಯವನು ಹೇಳಿಕೊಳ್ಳುವುದು, ನಮ್ಮ ಗಾದೆ ಹೇಳುವ ಹಾಗೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೇ. ಅವನು ಕೋಲು ತೆಗೆದು ಅಳೆಯುತ್ತಿದ್ದ, ಅಷ್ಟೇ.

ಅಳೆಯುತ್ತಿದ್ದುದು ಒಣ ಇಂಚು. ದೋಣಿಯ ಅಂಚಿನಿಂದ ನೀರಿನ ಮಟ್ಟದವರೆಗೆ ಎಷ್ಟು ಇಂಚು ಒಣಗಿದೆ ಅನ್ನುವುದು. ಲೋಡು ಹೆಚ್ಚಿದಷ್ಟೂ ಒಣ ಇಂಚು ಕಡಿಮೆ. ಪ್ರತಿ ದೋಣಿಯನ್ನೂ ಮೊದಲೇ ಅಳತೆ ನಿಲ್ದಾಣಕ್ಕೆ ಒಯ್ದು, ಖಾಲಿ ಇದ್ದಾಗಿನ ಒಣ ಇಂಚು ಬರೆದುಕೊಂಡು, ಆಮೇಲೆ ಕಬ್ಬಿಣದ ತೂಕಗಳನ್ನು ಟನ್ ಟನ್ನಾಗಿ ಇಳಿಸುತ್ತ ಒಂದೊಂದಕ್ಕೂ ಎಷ್ಟು ಮುಳುಗಿತು ಅಂತ ಕೋಷ್ಟಕ ಮಾಡುತ್ತಿದ್ದರು. ಟಿಪ್ಟನ್‌ನ ಫ್ಯಾಕ್ಟರಿ ಲಾಕ್ಸ್ ಹತ್ತಿರ 1873ರಲ್ಲಿ ಕಟ್ಟಿದ ಅಂಥ ನಿಲ್ದಾಣದ ಕಟ್ಟಡ ಇನ್ನೂ ನಿಂತಿದೆ. ಆ ಕೋಷ್ಟಕದ ನಕಲು ಸುಂಕದ ಮನೆಗಳಿಗೆ ಹೋಗುತ್ತಿತ್ತು. ಗುಮಾಸ್ತ ದೋಣಿಯ ನಂಬರು ನೋಡಿ, ನಾಲ್ಕು ಕಡೆ ಅಳೆದು ಸರಾಸರಿ ತೆಗೆದು, ಪುಟ ತೆರೆದು ಟನ್ ಓದುತ್ತಿದ್ದ.

ಅಳತೆಯ ಆಯ್ಕೆ

1:16 ಯಾಕೆ ಅಂದರೆ ಟನ್ನಿನ ಲೆಕ್ಕಕ್ಕೆ. ಉದ್ದ 16 ಪಟ್ಟು ಕುಗ್ಗಿದರೆ ತೂಕ 16ರ ಘನ, ಅಂದರೆ 4096 ಪಟ್ಟು ಕುಗ್ಗುತ್ತದೆ. ಒಂದು ಬ್ರಿಟಿಷ್ ಟನ್ 1016 ಕಿಲೋ. ಭಾಗಿಸಿದರೆ 248 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಬಹುದಾದ, ಮಕ್ಕಳು ಎತ್ತಬಹುದಾದ ತೂಕ. ಒಂದು ಇಂಚು 1.59 ಮಿಲಿಮೀಟರ್ ಆಗುತ್ತದೆ. ಇನ್ನೂ ಚಿಕ್ಕದು ಮಾಡಿದರೆ ಅಳೆಯುವುದು ಕಷ್ಟ, ದೊಡ್ಡದು ಮಾಡಿದರೆ ದೋಣಿಯನ್ನು ಇಡಲು ಜಾಗವಿಲ್ಲ.

ಕಪ್ಪು ನಾಡು ಅಂತ ಕರೆಸಿಕೊಳ್ಳುವ ಈ ಗಣಿ ಪ್ರದೇಶದಲ್ಲಿ ಓಡಾಡುತ್ತಿದ್ದ ಜೋಯಿ ದೋಣಿಗಳು 70 ಅಡಿ ಉದ್ದ, 7 ಅಡಿ ಅಗಲ. ತೆರೆದ ಹೊಟ್ಟೆ, ಎರಡೂ ತುದಿ ಒಂದೇ ಆಕಾರ. ಚುಕ್ಕಾಣಿಯನ್ನು ಬಿಚ್ಚಿ ಆ ತುದಿಗೂ ಹಾಕಬಹುದು, ಈ ತುದಿಗೂ ಹಾಕಬಹುದು. ಇಕ್ಕಟ್ಟಾದ ಕವಲುಗಳಲ್ಲಿ ದೋಣಿಯನ್ನು ತಿರುಗಿಸುವ ತಾಪತ್ರಯವೇ ಇರಲಿಲ್ಲ. 70 ಅಡಿಗೆ 7 ಅಡಿ ಅಂದರೆ 490 ಚದರ ಅಡಿ. ತುದಿಗಳು ಕಿರಿದಾಗುವುದನ್ನು ಕಳೆದರೆ ಸುಮಾರು 440. ಅದು ಒಂದು ಇಂಚು ಮುಳುಗಿದರೆ ಪಕ್ಕಕ್ಕೆ ಸರಿಯುವ ನೀರು ಹತ್ತಿರ ಹತ್ತಿರ ಒಂದು ಟನ್. ಇಂಚಿಗೆ ಟನ್. ಈ ಹೊಂದಾಣಿಕೆ ನೋಡಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಕೋಷ್ಟಕವಿಲ್ಲದೆಯೂ ಅನುಭವಿ ಗುಮಾಸ್ತ ದೂರದಿಂದಲೇ ದೋಣಿಯನ್ನು ನೋಡಿ ಲೋಡು ಅಂದಾಜು ಮಾಡಬಹುದು.

ದೋಣಿ

ನನ್ನ ದೋಣಿ 1330 ಮಿ.ಮೀ ಉದ್ದ, 133 ಅಗಲ, 76 ಆಳ. 4 ಮಿ.ಮೀ ಮರೈನ್ ಪ್ಲೈವುಡ್ಡಿನ ತಳ, ಅದೇ ಪ್ಲೈವುಡ್ಡಿನ ನೇರ ಪಕ್ಕೆಗಳು, ಒಳಗೆ ಅಡ್ಡಪಟ್ಟಿಗಳು. ಪಕ್ಕೆಗಳನ್ನು ಬಿಸಿನೀರಿನ ಬಟ್ಟೆ ಸುತ್ತಿ ತುದಿಯ ಕಡೆಗೆ ಮೆಲ್ಲಗೆ ಬಗ್ಗಿಸಿ, ಕ್ಲಾಂಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಒಳಗೂ ಹೊರಗೂ ನೀರು ತಡೆಯುವ ಎಪಾಕ್ಸಿ ಲೇಪ ಎರಡು ಕೈ. ಇದನ್ನು ಮಾಡುವವರಿಗೆ ಒಂದು ಮಾತು: ಒಳಗಿನ ಎಪಾಕ್ಸಿ ಬಿಡಬೇಡಿ. ಮರ ನೀರು ಕುಡಿದರೆ ಖಾಲಿ ದೋಣಿಯ ತೂಕ ಏರುತ್ತದೆ, ಮಾಡಿಟ್ಟ ಕೋಷ್ಟಕ ಸುಳ್ಳಾಗುತ್ತದೆ. ನಿಜವಾದ ಮರದ ದೋಣಿಗಳಲ್ಲೂ ಇದೇ ತೊಂದರೆ. ಹಳೆಯದಾಗುತ್ತ ನೀರು ಕುಡಿದು ಭಾರವಾದ ದೋಣಿ ಇಲ್ಲದ ಸರಕಿಗೂ ಸುಂಕ ಕಟ್ಟುವ ಹಾಗಾಗುತ್ತದೆ, ಮತ್ತೆ ಅಳತೆ ಮಾಡಿಸದೆ ದಾರಿಯಿಲ್ಲ.

ಎಲ್ಲ ಮುಗಿದ ಮೇಲೆ ತೂಕ 1.5 ಕಿಲೋ ಬಂತು. ಮಾದರಿಯ ಲೆಕ್ಕದಲ್ಲಿ 6 ಟನ್. ಖಾಲಿ ಬಿಟ್ಟರೆ 9 ಮಿ.ಮೀ ಮಾತ್ರ ಮುಳುಗುತ್ತದೆ. ಇಷ್ಟು ಉದ್ದದ ವಸ್ತು ನೀರಿನ ಮೇಲೆ ಅಷ್ಟು ಹಗುರವಾಗಿ ನಿಲ್ಲುವುದು ನೋಡಲಿಕ್ಕೇ ಒಂದು ಸುಖ.

ತೊಟ್ಟಿ ಮತ್ತು ದ್ವೀಪ

ತೊಟ್ಟಿಯ ಒಳಅಳತೆ 2 ಮೀಟರ್ ಉದ್ದ, 604 ಮಿ.ಮೀ ಅಗಲ, ನೀರು 100 ಮಿ.ಮೀ. 604 ಹೀಗೆ ಬಂತು: ದ್ವೀಪ 300, ಆಚೆ ಈಚೆ ಓಣಿಗಳು 152ರಂತೆ. 152 ಅಂದರೆ 8 ಅಡಿ. ನನ್ನದು ಯಾವುದೇ ಒಂದು ದ್ವೀಪದ ಪಡಿಯಚ್ಚಲ್ಲ, ಆ ಜಾತಿಯ ದ್ವೀಪ. ನೀರು ಸುಮಾರು 120 ಲೀಟರ್, ಅಂದರೆ 120 ಕಿಲೋ. ಮೇಜಿನ ಮೇಲೆ ಇಡುವ ಯೋಚನೆ ಬಿಟ್ಟು ಗ್ಯಾರೇಜಿನ ಕಾಂಕ್ರೀಟ್ ನೆಲದ ಮೇಲೆ ನಾಲ್ಕು ಸಾಲು ಕಾಂಕ್ರೀಟ್ ಬ್ಲಾಕ್ ಇಟ್ಟು ಅದರ ಮೇಲೆ ಕೂಡಿಸಿದೆ. ಗೋಡೆಗಳ ಮೇಲಿನ ಒತ್ತಡಕ್ಕೆ ಹೆದರಬೇಕಿಲ್ಲ. 100 ಮಿ.ಮೀ ಆಳದ ನೀರು 2 ಮೀಟರ್ ಉದ್ದದ ಗೋಡೆಯನ್ನು ಒಟ್ಟು 10 ಕಿಲೋದಷ್ಟು ಬಲದಿಂದ ಮಾತ್ರ ತಳ್ಳುತ್ತದೆ. 18 ಮಿ.ಮೀ ಪ್ಲೈವುಡ್, ಮೂಲೆಗೆ ಕಬ್ಬಿಣದ ಎಲ್ ಪಟ್ಟಿ ಸಾಕು. ಒಳಗೆ ಕೊಳಕ್ಕೆ ಹಾಸುವ ರಬ್ಬರ್ ಹಾಳೆಯನ್ನು ಒಂದೇ ತುಂಡಾಗಿ ಮಡಿಸಿ ಹಾಕಿದೆ. ಕತ್ತರಿಸಿ ಅಂಟಿಸಿದರೆ ಅಂಟಿಸಿದ ಪ್ರತಿ ಜಾಗವೂ ಮುಂದೆ ಸೋರುವ ಜಾಗ.

ತೊಟ್ಟಿಯನ್ನು ಮಟ್ಟಗೋಲು ಇಟ್ಟು ಸಮ ಮಾಡಲು ಹೆಣಗಬೇಡಿ. ನೆಲ ಎಷ್ಟೇ ವಾಲಿರಲಿ, ನೀರು ತನ್ನ ಮಟ್ಟ ತಾನೇ ಹುಡುಕಿಕೊಳ್ಳುತ್ತದೆ, ದೋಣಿ ಆ ಮಟ್ಟಕ್ಕೇ ತೇಲುತ್ತದೆ. ಒಣ ಇಂಚು ಈ ಎರಡರ ನಡುವಿನ ಸಂಬಂಧ, ನೆಲಕ್ಕೂ ಅದಕ್ಕೂ ಲೆಕ್ಕವಿಲ್ಲ. ಕಲ್ಲಿದ್ದಲು ತೆಗೆದು ತೆಗೆದು ಈ ಪ್ರದೇಶದ ನೆಲವೇ ಎಷ್ಟೋ ಕಡೆ ಕುಸಿದಿದೆ. ಅಂಥ ಕಡೆ ನೆಲದ ಮೇಲೆ ಕೂಡಿಸಿದ ತಕ್ಕಡಿಯ ಅಡಿಪಾಯವೂ ಕುಸಿದು ಅದನ್ನು ಮತ್ತೆ ಮತ್ತೆ ಸರಿಪಡಿಸಬೇಕಾಗುತ್ತದೆ. ನೀರಿನ ಮಟ್ಟದಿಂದ ಅಳೆಯುವ ಕೋಲಿಗೆ ಆ ಚಿಂತೆ ಇಲ್ಲ.

ದ್ವೀಪ ಮಾಡುವಾಗ ನಾನು ಹೆಚ್ಚು ಯೋಚಿಸಿದ್ದು ಅದು ತೇಲದಂತೆ ಹೇಗೆ ಇಡುವುದು ಅಂತ. 300 ಅಗಲ, 900 ಉದ್ದದ ದಿಬ್ಬವನ್ನು ಥರ್ಮಾಕೋಲಿನಲ್ಲಿ ಕಡೆದರೆ ಸುಲಭ, ಆದರೆ 100 ಮಿ.ಮೀ ನೀರಿನಲ್ಲಿ ಅದು 20 ಕಿಲೋಗೂ ಮೀರಿದ ಬಲದಿಂದ ಮೇಲಕ್ಕೆ ಏಳುತ್ತದೆ. ರಬ್ಬರ್ ಹಾಳೆಗೆ ಅಂಟಿಸಿ ಅಷ್ಟು ಬಲ ತಡೆಯುವುದಾಗದ ಮಾತು. ಹಾಗಾಗಿ ತಳವಿಲ್ಲದ ಪ್ಲೈವುಡ್ ಪೆಟ್ಟಿಗೆ ಮಾಡಿ, ಗೋಡೆಗಳಲ್ಲಿ ತೂತು ಕೊರೆದು, ನೀರು ಒಳಗೂ ತುಂಬಿಕೊಳ್ಳಲು ಬಿಟ್ಟೆ. ಮೇಲಕ್ಕೆ ತಳ್ಳಲು ಏನೂ ಉಳಿಯಲಿಲ್ಲ. ಪೆಟ್ಟಿಗೆಯ ಒಳಚಾಚಿನ ಮೇಲೆ ನಾಲ್ಕು ಇಟ್ಟಿಗೆ ಇಟ್ಟೆ, ದೋಣಿ ತಗುಲಿದರೂ ಕದಲುವುದಿಲ್ಲ.

ತುದಿಗಳ ಚೂಪನ್ನು ಬಿಡಬೇಡಿ. 25 ಟನ್ ಹೊತ್ತ ದೋಣಿಗೆ ಬ್ರೇಕ್ ಇಲ್ಲ. ಕುದುರೆ ನಿಂತರೂ ಅದು ಸಾಗುತ್ತಲೇ ಇರುತ್ತದೆ. ಮೂತಿ ಸ್ವಲ್ಪ ತಪ್ಪಿದರೂ ಚೂಪು ಅದನ್ನು ಒಂದು ಓಣಿಗೆ ಜಾರಿಸುತ್ತದೆ. ಮಾದರಿಯಲ್ಲೇ ನೋಡಬಹುದು: 6 ಕಿಲೋ ತುಂಬಿದ ದೋಣಿಯನ್ನು ಬೆರಳಿನಿಂದ ತಳ್ಳಿದರೆ ಅದು ಹೊರಡಲು ತಡಮಾಡುತ್ತದೆ, ನಿಲ್ಲಲು ಇನ್ನೂ ತಡ. ಓಣಿಯೊಳಗೆ ಬಂದ ಮೇಲೆ ಮಾತ್ರ ಅದರ ವೇಗ ತಾನಾಗಿ ತಗ್ಗುತ್ತದೆ. ಮುಂದಿನ ನೀರು ಹಿಂದಕ್ಕೆ ಹೋಗಲು ಪಕ್ಕದಲ್ಲಿ ಬೆರಳಗಲ ಜಾಗ ಮಾತ್ರ ಇರುವುದರಿಂದ ದೋಣಿ ನೀರನ್ನು ತಳ್ಳುತ್ತಾ ನಿಧಾನವಾಗುತ್ತದೆ. ಇಕ್ಕಟ್ಟು ಕಂಪನಿಯ ಜಿಪುಣತನವಲ್ಲ ಅನ್ನುವುದು ನನಗೆ ಅರ್ಥವಾದದ್ದು ಇಲ್ಲಿ. ಅದು ದೋಣಿಯನ್ನು ನಿಧಾನ ಮಾಡುತ್ತದೆ, ಗುಮಾಸ್ತನ ಕೈಗೆಟಕುವಂತೆ ತರುತ್ತದೆ, ತಪ್ಪಿಸಿಕೊಂಡು ಹೋಗಲು ಬಿಡುವುದಿಲ್ಲ.

ಅಂಚಿಗೆ ಸ್ಟಾಫರ್ಡ್‌ಶೈರ್ ನೀಲಿ ಇಟ್ಟಿಗೆ ಬೇಕು. ಅಲ್ಲಿಯ ಕೆಂಪು ಜೇಡಿಯನ್ನು ಗಾಳಿ ಕಡಿಮೆ ಮಾಡಿ ಜೋರು ಶಾಖದಲ್ಲಿ ಸುಟ್ಟಾಗ ಅದರ ಕಬ್ಬಿಣದಿಂದ ಬರುವ ಕಡುನೀಲಿ ಬಣ್ಣ. ನೀರು ಹೀರುವುದಿಲ್ಲ, ದೋಣಿ ಉಜ್ಜಿದರೂ ಸವೆಯುವುದಿಲ್ಲ. 1:16ರಲ್ಲಿ ಇಟ್ಟಿಗೆ 14 ಮಿ.ಮೀಗೆ 5. ತೆಳು ಪಿವಿಸಿ ಹಾಳೆಯಲ್ಲಿ ಗೆರೆ ಕೊರೆದು, ಕಪ್ಪು, ನೀಲಿ, ಸ್ವಲ್ಪ ನೇರಳೆ ಬೆರೆಸಿ ಒಂದೊಂದು ಇಟ್ಟಿಗೆಗೂ ಒಂದೊಂದು ಛಾಯೆ ಕೊಟ್ಟೆ. ಸಹನೆ ಬೇಡುವ ಕೆಲಸ, ರೇಡಿಯೊ ಹಾಕಿಕೊಂಡು ಮಾಡಿ.

ಎಂಟು ಮೂಲೆಯ ಮನೆ

ಅಷ್ಟಭುಜದ ಎದುರುಬದುರು ಗೋಡೆಗಳ ಅಂತರವನ್ನು 2.414ರಿಂದ ಭಾಗಿಸಿದರೆ ಒಂದು ಗೋಡೆಯ ಅಗಲ. 10 ಅಡಿಯ ಮನೆ ಮಾದರಿಯಲ್ಲಿ 190.5 ಮಿ.ಮೀ, ಗೋಡೆ 78.9. ಪ್ರತಿ ಗೋಡೆಯ ಎರಡೂ ಅಂಚನ್ನು 22.5 ಡಿಗ್ರಿಗೆ ಓರೆ ಮಾಡಬೇಕು. ಎಂಟೂ ತುಂಡುಗಳನ್ನು ಮಗುಚಿ ಸಾಲಾಗಿ ಇಟ್ಟು, ಹಿಂದೆ ಉದ್ದಕ್ಕೆ ಟೇಪ್ ಅಂಟಿಸಿ, ಓರೆಗಳಿಗೆ ಅಂಟು ಹಚ್ಚಿ ಸುರುಳಿ ಸುತ್ತಿದರೆ ಮನೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕ್ಲಾಂಪ್ ಬೇಡ, ರಬ್ಬರ್ ಬ್ಯಾಂಡ್ ಸಾಕು. ಚಾವಣಿ 30 ಡಿಗ್ರಿ ಇಳಿಜಾರಿನ ಎಂಟು ತ್ರಿಕೋನಗಳು, 10 ಮಿ.ಮೀ ಚಾಚು ಸೇರಿಸಿ ಪಾದ 87, ಎತ್ತರ 121.5. ಸ್ಲೇಟಿನ ಹೆಂಚು ಕಾಗದದ ಪಟ್ಟಿಗಳಲ್ಲಿ.

300ರ ದ್ವೀಪದ ಮೇಲೆ 190ರ ಮನೆ ಕೂಡಿಸಿದರೆ ಆಚೆ ಈಚೆ 55 ಮಿ.ಮೀ ಉಳಿಯುತ್ತದೆ, ಅಂದರೆ 3 ಅಡಿಗೂ ಚೂರು ಕಡಿಮೆ. ಗುಮಾಸ್ತ ಕೋಲು ಹಿಡಿದು ನಡೆಯುವಷ್ಟು. ಚೌಕಾಕಾರದ ಮನೆಯನ್ನು ಇದೇ ಜಾಗದಲ್ಲಿ ಕಾಗದದ ಮೇಲೆ ಇಟ್ಟು ನೋಡಿದೆ. ಮೂಲೆಗಳು ದಾರಿಗೆ ಬರುತ್ತವೆ, ಓಣಿಯ ಆ ತುದಿ ಮರೆಯಾಗುತ್ತದೆ. ಮೂಲೆ ಕತ್ತರಿಸಿದರೆ ಎರಡೂ ಸರಿಹೋಗುತ್ತವೆ, ಮೇಲಾಗಿ ಓರೆ ಗೋಡೆಗಳಿಗೂ ಕಿಟಕಿ ಸಿಗುತ್ತದೆ. ಗುಮಾಸ್ತ ಮೇಜಿನಿಂದ ಏಳದೆ ಎರಡೂ ದಿಕ್ಕಿನಿಂದ ಬರುವ ದೋಣಿ ನೋಡಬಹುದು. ಈ ಆಕಾರ ಬರ್ಮಿಂಗ್‌ಹ್ಯಾಮ್‌ಗೆ ಮಾತ್ರ ಸೀಮಿತವಲ್ಲ. ಸ್ಟಾಫರ್ಡ್‌ಶೈರ್ ಮತ್ತು ವೂಸ್ಟರ್‌ಶೈರ್ ಕಾಲುವೆಯ ಬ್ರಾಚ್ ಲಾಕ್ಸ್ ಹತ್ತಿರ, ಸ್ಟ್ಯೂಪೋನಿಯಲ್ಲಿ ಎಂಟು ಮೂಲೆಯ ಸುಂಕದ ಮನೆಗಳನ್ನು ಈಗಲೂ ನೋಡಬಹುದು, ಅವು ದಂಡೆಯ ಮೇಲಿವೆ. ಬ್ರಾಚ್‌ನದಂತೂ ತುಂಬ ಮುದ್ದಾದ ಕಟ್ಟಡ.

ಅಳತೆಕೋಲು

ನಿಜವಾದ ಕೋಲು ಟೊಳ್ಳು ಕೊಳವೆ. ಕೊಳವೆಯ ಪಕ್ಕದ ಚಾಚನ್ನು ದೋಣಿಯ ಅಂಚಿಗೆ ಕೂಡಿಸಿದರೆ ಕೆಳತುದಿ ನೀರಿಗಿಳಿಯುತ್ತದೆ. ಒಳಗಿನ ತೇಲುಬೆಂಡು ಇಂಚು ಮತ್ತು ಇಂಚಿನ ಹತ್ತನೇ ಭಾಗ ಗುರುತಿಸಿದ ಕಡ್ಡಿಯನ್ನು ಮೇಲೆತ್ತುತ್ತದೆ. ಹೊರಗೆ ಅಲೆಯಿದ್ದರೂ ಕೊಳವೆಯೊಳಗೆ ನೀರು ಶಾಂತ.

ಇದನ್ನು ಹಾಗೇ ಕುಗ್ಗಿಸಲು ಆಗುವುದಿಲ್ಲ. 8 ಮಿ.ಮೀ ಒಳವ್ಯಾಸದ ಗಾಜಿನ ಕೊಳವೆಯಲ್ಲಿ ಮೇಲ್ಮೈ ಎಳೆತದಿಂದಲೇ ನೀರು ಎರಡು ಮಿಲಿಮೀಟರಿಗೂ ಹೆಚ್ಚು ಏರುತ್ತದೆ. ನನ್ನ ಅಳತೆಯಲ್ಲಿ ಅದು ಒಂದು ಟನ್‌ಗೂ ಮೀರಿದ ಸುಳ್ಳು. ಮರ, ಇಟ್ಟಿಗೆ, ತೂಕ ಎಲ್ಲ ಕುಗ್ಗುತ್ತವೆ, ನೀರಿನ ಚರ್ಮ ಕುಗ್ಗುವುದಿಲ್ಲ. ಅಗಲದ ಕೊಳವೆ ಹಾಕೋಣವೆಂದರೆ ದೋಣಿಗೂ ಗೋಡೆಗೂ ನಡುವೆ ಇರುವುದು 19 ಮಿ.ಮೀ.

ಆದ್ದರಿಂದ ಕೊಳವೆ ಬಿಟ್ಟು ಸೂಜಿ ಹಿಡಿದೆ. 2 ಮಿ.ಮೀ ಹಿತ್ತಾಳೆ ಕಡ್ಡಿಯ ತುದಿಗೆ ಹೊಲಿಗೆಸೂಜಿ ಬೆಸುಗೆ ಹಾಕಿ, ದೋಣಿಯ ಅಂಚಿಗೆ ಕೂರುವ ಪ್ಲಾಸ್ಟಿಕ್ ಕೊಕ್ಕೆಯೊಳಗಿನ ಬಿಗಿ ತೂತಿನಲ್ಲಿ ಜಾರುವಂತೆ ಮಾಡಿದೆ. ಸೂಜಿ ನೀರನ್ನು ಮುಟ್ಟಿದ ಕ್ಷಣ ದೀಪ ಹತ್ತಬೇಕು. ಅದಕ್ಕೆ ನಮ್ಮೂರುಗಳ ಮನೆ ಮೇಲಿನ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂನದೇ ಸರ್ಕ್ಯೂಟ್: ಒಂದು ಬಿಸಿ547 ಟ್ರಾನ್ಸಿಸ್ಟರ್, 330 ಓಮ್‌ನ ರೆಸಿಸ್ಟರ್ ಜೊತೆ ಕೆಂಪು ಎಲ್‌ಇಡಿ, ಎರಡು ಸೆಲ್. ಪ್ಲಸ್ ತಂತಿ 1 ಕಿಲೋ ಓಮ್ ಮೂಲಕ ತೊಟ್ಟಿಯ ನೀರಿಗೆ, ಸೂಜಿ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ. ಪಾಲಿಟೆಕ್ನಿಕ್ ಓದಿದ ಯಾರನ್ನು ಕೇಳಿದರೂ ಕಣ್ಣುಮುಚ್ಚಿ ಮಾಡಿಕೊಡುತ್ತಾರೆ. ದೀಪ ಹತ್ತಿದ ಕೂಡಲೇ ಕೈ ಬಿಟ್ಟು, ಕೊಕ್ಕೆಯನ್ನು ಎತ್ತಿ ಮೇಜಿಗೆ ತಂದು, ಸೂಜಿ ಎಷ್ಟು ಇಳಿದಿದೆ ಅಂತ ಡಿಜಿಟಲ್ ಕ್ಯಾಲಿಪರ್‌ನಲ್ಲಿ ಅಳೆದು 1.59ರಿಂದ ಭಾಗಿಸಿದರೆ ಒಣ ಇಂಚು. ಕ್ಯಾಲಿಪರನ್ನೇ ದೋಣಿಗೆ ಸಿಕ್ಕಿಸಬಾರದು. ಅದರ 150 ಗ್ರಾಂ ತೂಕ ಅರ್ಧ ಟನ್‌ಗಿಂತ ಜಾಸ್ತಿ.

ಇನ್ನು ಮೂರು ಎಚ್ಚರಿಕೆ. ಸೂಜಿಯನ್ನು ಮೇಲಿನಿಂದ ಕೆಳಗೆ ಇಳಿಸುವಾಗ ಮೊದಲ ಸ್ಪರ್ಶವನ್ನೇ ಓದಬೇಕು. ಒಮ್ಮೆ ಮುಟ್ಟಿದ ಮೇಲೆ ನೀರು ಸೂಜಿಯನ್ನು ಹಿಡಿದುಕೊಂಡು ಮೇಲಕ್ಕೆ ಬರುತ್ತದೆ, ಒರೆಸಿ ಮತ್ತೆ ಇಳಿಸಿ. ದೋಣಿಯ ಪಕ್ಕೆಗೆ ಅಂಟಿದಂತೆ ಅಳೆಯಬಾರದು, ಅಲ್ಲಿ ನೀರು ಪಕ್ಕೆಯ ಮೇಲೆ ಏರಿರುತ್ತದೆ. 10 ಮಿ.ಮೀ ದೂರ ಹೋದರೆ ಆ ಏರು ಮುಗಿದಿರುತ್ತದೆ, ದೋಣಿಯನ್ನು ಆಚೆ ಗೋಡೆಗೆ ಒತ್ತಿದರೆ ಅಷ್ಟು ಜಾಗ ಸಿಗುತ್ತದೆ. ಮತ್ತು ಅಳೆಯುವ ಮೊದಲು ಪಕ್ಕೆಗಳನ್ನು ಒದ್ದೆ ಮಾಡಿ. ಒಣ ಪಕ್ಕೆಗೂ ಒದ್ದೆ ಪಕ್ಕೆಗೂ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ.

ಕೋಷ್ಟಕ, ಮತ್ತು ಮೋಸದ ಪರೀಕ್ಷೆ

ಹಳೆಯ ಪಂಚೆ ಹರಿದು ಚೀಲ ಹೊಲಿದು ಒಂದೊಂದರಲ್ಲೂ 248 ಗ್ರಾಂ ಒಣ ಮರಳು ತುಂಬಿದೆ. ಒಂದು ಚೀಲ, ಒಂದು ಟನ್. ದೋಣಿಯ ಎರಡೂ ತುದಿಯಿಂದ 250 ಮಿ.ಮೀ ಒಳಗೆ, ಎರಡೂ ಅಂಚಿನಲ್ಲಿ, ಒಟ್ಟು ನಾಲ್ಕು ಜಾಗಕ್ಕೆ ಬಣ್ಣದ ಗುರುತು. ಚೀಲಗಳನ್ನು ಉದ್ದಕ್ಕೂ ಸಮನಾಗಿ ಇಡುತ್ತ ಹೋದೆ. ಖಾಲಿಯಿದ್ದಾಗ ಸರಾಸರಿ 42.0 ಒಣ ಇಂಚು. 5 ಟನ್‌ಗೆ 36.9. 10ಕ್ಕೆ 32.0, 15ಕ್ಕೆ 27.1, 20ಕ್ಕೆ 22.2, 25ಕ್ಕೆ 17.3. ಮೊದಲ ಐದು ಟನ್ನಿಗೆ 5.1 ಇಂಚು ಮುಳುಗಿದೆ, ಆಮೇಲೆ ಪ್ರತಿ ಐದಕ್ಕೂ 4.9. ತುದಿಗಳು ಕೆಳಗೆ ಕಿರಿದಾಗಿರುವುದರಿಂದ ಶುರುವಿನಲ್ಲಿ ದೋಣಿ ಬೇಗ ಇಳಿಯುತ್ತದೆ. ಎರಡು ಬಡಗಿಗಳು ಮಾಡಿದ ಎರಡು ದೋಣಿಗಳಿಗೆ ಈ ಅಂಕಿಗಳು ಒಂದೇ ಆಗಿರಲು ಸಾಧ್ಯವಿಲ್ಲ. ಪ್ರತಿ ದೋಣಿಗೂ ಬೇರೆ ಪುಟ ಯಾಕೆ ಬೇಕಿತ್ತು ಅನ್ನುವುದಕ್ಕೆ ಇದಕ್ಕಿಂತ ವಿವರಣೆ ಬೇಡ.

ಇನ್ನು ನಾಲ್ಕು ಕಡೆ ಅಳೆಯುವ ಪದ್ಧತಿ. 10 ಟನ್ ಲೋಡನ್ನು ಇಡಿಯಾಗಿ 17 ಸೆಂ.ಮೀ ಮುಂದಕ್ಕೆ ಸರಿಸಿದೆ. ಮೂತಿ ಎದ್ದುಕಾಣುವಂತೆ ತಗ್ಗಿತು, ಹಿಂಭಾಗ ಎದ್ದಿತು. ಮುಂದಿನ ಎರಡು ಅಳತೆ 26.4 ಮತ್ತು 26.2, ಹಿಂದಿನವು 37.7 ಮತ್ತು 37.5. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 31.95. ಸಮನಾಗಿ ಹರಡಿದ್ದಾಗ ಇದ್ದದ್ದು 32.0. ಕಣ್ಣಿಗೆ ಪೂರ್ತಿ ಬೇರೆಯಾಗಿ ಕಾಣುವ ದೋಣಿ, ಉತ್ತರ ಮಾತ್ರ ಅದೇ. ಒಂದು ಕಡೆ ಎಷ್ಟು ಇಳಿಯುತ್ತದೋ ಇನ್ನೊಂದು ಕಡೆ ಅಷ್ಟೇ ಏರುವುದರಿಂದ ಸರಾಸರಿ ಕದಲುವುದಿಲ್ಲ. ಲೋಡು ಹಿಂದೆ ಮುಂದೆ ಮಾಡಿ ಗುಮಾಸ್ತನಿಗೆ ಚಳ್ಳೆಹಣ್ಣು ತಿನ್ನಿಸಲು ಆಗುವುದಿಲ್ಲ. ಬರಿಯ ನಾಲ್ಕು ಅಂಕಿಗಳ ಸರಾಸರಿಯಲ್ಲಿ ಇಷ್ಟು ಗಟ್ಟಿ ನ್ಯಾಯ ಅಡಗಿರುವುದು ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

ಗುಮಾಸ್ತ ಆಚೆ ಅಂಚನ್ನು ಅಳೆಯಲು ದೋಣಿಗೆ ಕಾಲಿಟ್ಟರೆ? 70 ಕಿಲೋ ಮನುಷ್ಯ ಒಂದು ಟನ್ನಿನ ನೂರರಲ್ಲಿ ಏಳು ಭಾಗ. ಕೋಲಿನ ಅತಿ ಸಣ್ಣ ಗೆರೆಗಿಂತಲೂ ಕಡಿಮೆ.

ದೋಣಿಯವನಿಗೆ ನಷ್ಟವಾಗುವ ಪರಿಸ್ಥಿತಿಯನ್ನೂ ನೋಡಿದೆ. ಮರದ ದೋಣಿ ಸೋರುತ್ತದೆ. ತಳಕ್ಕೆ 248 ಮಿಲಿಲೀಟರ್ ನೀರು ಸುರಿದರೆ ಅದೂ ಒಂದು ಟನ್ನೇ, ಕೋಲಿಗೆ ನೀರು ಯಾವುದು, ಕಲ್ಲಿದ್ದಲು ಯಾವುದು ಅಂತ ಗೊತ್ತಾಗುವುದಿಲ್ಲ. ಆದರೆ ಒಳಗಿನ ನೀರು ಒಂದು ಪಕ್ಕಕ್ಕೆ ಓಡಿ ದೋಣಿಯನ್ನು ವಾಲಿಸುತ್ತದೆ, ಎಡ ಬಲದ ಅಳತೆಗಳು ಬೇರೆಬೇರೆ ಬರುತ್ತವೆ. ದೋಣಿಯವನಿಗೆ ಸುಂಕ ಉಳಿಸುವ ದಾರಿ ಒಂದೇ: ದ್ವೀಪ ತಲುಪುವ ಮೊದಲು ತಳದ ನೀರನ್ನೆಲ್ಲ ಎತ್ತಿ ಹೊರಗೆ ಚೆಲ್ಲುವುದು.

ತೂಕದ ಮಾತು ಬಂದಾಗ ಒಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಇದೇ ಕಾಲುವೆಯ ಬದಿಯಲ್ಲಿ ಬೋಲ್ಟನ್ ಮತ್ತು ವಾಟ್ 1790ರ ದಶಕದಲ್ಲಿ ಉಗಿ ಎಂಜಿನ್ನುಗಳಿಗಾಗಿ ಕಟ್ಟಿಸಿದ ಸೋಹೋ ಫೌಂಡ್ರಿ ಇದೆ. 1895ರಲ್ಲಿ ಅದನ್ನು ಕೊಂಡು ತಕ್ಕಡಿ ಕಾರ್ಖಾನೆ ಮಾಡಿದವರು ಏವರಿ ಕಂಪನಿಯವರು. ನಮ್ಮ ರೈಲ್ವೆ ಗೂಡ್ಸ್ ಶೆಡ್ಡುಗಳಲ್ಲಿ, ಅಡಿಕೆ ಮಂಡಿಗಳಲ್ಲಿ ಎರಕದ ಅಕ್ಷರದಲ್ಲಿ ಓದಿದ್ದೇವಲ್ಲ, ಅದೇ ಏವರಿ. ಕಬ್ಬಿಣದ ಸನ್ನೆಗೋಲುಗಳಿಂದ ಲೋಕಕ್ಕೆಲ್ಲ ತೂಕ ಹೇಳಿದ ಕಾರ್ಖಾನೆಗೆ ಹತ್ತಿರದಲ್ಲೇ ಸಾಗುತ್ತಿದ್ದ ಕಲ್ಲಿದ್ದಲನ್ನು ಬರಿಯ ನೀರು ತೂಗುತ್ತಿತ್ತು.

ಈಗ ಉಳಿದಿರುವ ಕೆಲಸಗಳು: ಮನೆಯೊಳಗೆ ಮೇಜು, ಒಲೆ, ಕೋಷ್ಟಕಗಳ ಕಪಾಟು ಮಾಡಬೇಕು. ಚಾವಣಿಯನ್ನು ಬಿಚ್ಚಿ ತೆಗೆಯುವಂತೆ ಈಗಾಗಲೇ ಮ್ಯಾಗ್ನೆಟ್ ಕೂಡಿಸಿದ್ದೇನೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಬದಲಿಸುತ್ತೇನೆ. ಪಾಚಿ ತಡೆಯುವ ದ್ರಾವಣ ಹಾಕಿದರೆ ಮೇಲ್ಮೈ ಎಳೆತ ಬದಲಾಗಿ ಸೂಜಿಯ ಓದು ಕೆಡಬಹುದು. ಎರಡನೆಯ ದೋಣಿಯನ್ನು ತಗಡಿನಲ್ಲಿ ಮಾಡಲು ಶುರುಮಾಡಿದ್ದೇನೆ, ಕಬ್ಬಿಣದ ಜೋಯಿ ದೋಣಿಗಳ ಲೆಕ್ಕಕ್ಕೆ. ಅದು ನೀರು ಕುಡಿಯುವುದಿಲ್ಲ, ಹಾಗಾಗಿ ಮರದ ದೋಣಿಯ ಇನ್ನೊಂದು ಮಾದರಿಯನ್ನು ಎಪಾಕ್ಸಿ ಇಲ್ಲದೆ ಮಾಡಿ ಎರಡನ್ನೂ ತೊಟ್ಟಿಯಲ್ಲಿ ಪಕ್ಕಪಕ್ಕದ ಓಣಿಗಳಲ್ಲಿ ತೇಲಲು ಬಿಟ್ಟು, ಖಾಲಿ ದೋಣಿಯ ಒಣ ಇಂಚು ತಿಂಗಳಿಂದ ತಿಂಗಳಿಗೆ ಎಷ್ಟು ಇಳಿಯುತ್ತದೆ ಅಂತ ಬರೆದಿಡುವ ಯೋಜನೆ ಇದೆ. ಯಾರಾದರೂ ಇದನ್ನು ಮಾಡಹೊರಟರೆ ದೋಣಿಯಿಂದ ಶುರುಮಾಡಿ. ಮನೆ ಆಮೇಲೆ ಕಟ್ಟಿದರಾಯಿತು. ಸ್ನಾನದ ತೊಟ್ಟಿಯಲ್ಲೂ ಕೋಷ್ಟಕ ಮಾಡಬಹುದು, ಉದ್ದ ಸಾಲದಿದ್ದರೆ 1:24 ಅಳತೆ ಹಿಡಿಯಿರಿ. ಆಗ ಟನ್ನಿಗೆ 73.5 ಗ್ರಾಂ, ಇಂಚಿಗೆ 1.06 ಮಿ.ಮೀ.